ನೂರಕ್ಕೆ ಎಂಬತ್ತು

ಸೂರ್ಯ ಸಿಡಿದ ದಿನ ನಾನು ಸುಣ್ಣದ ಗೂಡಿನ ಬಾಯಲ್ಲಿ ಇದ್ದಿಲು ತುಂಬುತ್ತಿದ್ದೆ. ಪೇಟೆಯ ಕಡೆಯಿಂದ ಪುರಸಭೆಯ ಗಂಟೆ ಮೂರು ಸಲ ಬಾರಿಸಿ, ನಿಂತು, ಮತ್ತೆ ಮೂರು ಸಲ ಬಾರಿಸಿತು. ಸಲಿಕೆ ಎಸೆದು ಚೌಕಕ್ಕೆ ಓಡಿದೆ. ಅರ್ಧ ಊರೇ ಓಡುತ್ತಿತ್ತು. ಕ್ಷೌರದಂಗಡಿಯ ಕುರ್ಚಿಯಿಂದ ಎದ್ದು ಬಂದ ಬಟ್ಟೆ ಅಂಗಡಿ ಚಂದ್ರಣ್ಣ ಒಂದು ಕೆನ್ನೆಯ ಸೋಪಿನ ನೊರೆ ಒರೆಸದೆಯೇ ನನ್ನ ಪಕ್ಕ ಓಡುತ್ತಿದ್ದ. ಚೌಕದ ಕಪ್ಪು ಹಲಗೆಯ ಮುಂದೆ ದೇವೀರಪ್ಪ ಮೇಷ್ಟ್ರು ಸೀಮೆಸುಣ್ಣ ಹಿಡಿದು ನಿಂತಿದ್ದರು. ಅವರು ಮೊದಲು ಎಂಟು ಬರೆದರು. ಎಂಟೇನಾ, ಇಷ್ಟಕ್ಕೆ ಓಡಿ ಬಂದೆವಾ ಅಂತ ಜನ ಗೊಣಗಿಕೊಂಡು ವಾಪಸು ತಿರುಗುವಷ್ಟರಲ್ಲಿ ಮೇಷ್ಟ್ರು ಎಂಟರ ಪಕ್ಕ ಒಂದು ಸೊನ್ನೆ ಇಟ್ಟರು. ತಿರುಗಿದವರು ಮತ್ತೆ ಹಲಗೆಯತ್ತ ನುಗ್ಗಿದರು. ಕೆಳಗೆ ಇನ್ನೊಂದು ಸಾಲು: ನಾಳೆ ಸಂಜೆ.

ಹಲಗೆಯ ಮೇಲೆ ನಾನು ಹುಟ್ಟಿದ ಮೇಲೆ ಬಿದ್ದ ದೊಡ್ಡ ಸಂಖ್ಯೆಯೆಂದರೆ ನಲವತ್ತು. ನಮ್ಮೂರಿನ ಆಕಾಶದ ರೀತಿ ಹೀಗೆ: ಸೂರ್ಯ ಸಿಡಿದ ಮಾರನೆಯ ಸಂಜೆ ಆಕಾಶದಲ್ಲಿ ಬಣ್ಣ ಏಳುತ್ತದೆ. ಮೂವತ್ತು ಎಂದು ಬಿದ್ದರೆ ನೂರು ಜನರಲ್ಲಿ ಮೂವತ್ತು ಜನಕ್ಕೆ ಬಣ್ಣ ಕಾಣುತ್ತದೆ, ಎಪ್ಪತ್ತು ಜನಕ್ಕೆ ಕಾಣುವುದಿಲ್ಲ. ಮೋಡ ಅಡ್ಡ ಬಂದು ಅಲ್ಲ, ಕಣ್ಣು ಮಂಜಾಗಿ ಅಲ್ಲ. ಹೆಗಲಿಗೆ ಹೆಗಲು ತಾಗಿಸಿ ನಿಂತ ಇಬ್ಬರಲ್ಲಿ ಒಬ್ಬನ ಆಕಾಶ ಉರಿಯುತ್ತಿರುತ್ತದೆ, ಇನ್ನೊಬ್ಬನದು ಖಾಲಿ. ಹಿಂದೆ ಇದಕ್ಕಾಗಿ ಹೊಡೆದಾಟಗಳೇ ಆದವಂತೆ. ಗಂಡಿಗೆ ಕಂಡು ಹೆಣ್ಣಿಗೆ ಕಾಣದೆ ಒಂದು ಮದುವೆ ಗುಡ್ಡದ ಮೇಲೆಯೇ ಮುರಿದುಬಿತ್ತಂತೆ. ಆಗ ಊರಿನ ದೊಡ್ಡವರೆಲ್ಲ ಕೂತು ಪಟ್ಟಿ ಎಂಬುದನ್ನು ಮಾಡಿದರು. ಮೂವತ್ತು ಬಿದ್ದರೆ ನೂರಕ್ಕೆ ಮೂವತ್ತು ಜನ ಬೋಳುಗುಡ್ಡ ಹತ್ತುವುದು, ಎಪ್ಪತ್ತು ಜನ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂರುವುದು. ಕಾಣದಿರುವ ಪಾಲನ್ನು ಒಳಗಿನವರು ತೀರಿಸಿಬಿಟ್ಟರೆ, ಹತ್ತಿದವರಿಗೆಲ್ಲ ಕಂಡೇ ಕಾಣುತ್ತದೆ ಎಂಬುದು ಅವರ ಎಣಿಕೆ. ಅವತ್ತಿನಿಂದ ನಮ್ಮೂರಲ್ಲಿ ಎರಡೇ ಜಾತಿ, ಮೇಲಿನವರು ಮತ್ತು ಒಳಗಿನವರು. ಹೆಣ್ಣು ನೋಡಲು ಹೋದವರು ಅಡುಗೆ ಬರುತ್ತದಾ ಅಂತ ಕೇಳುವ ಮೊದಲು ಎಷ್ಟು ಸಲ ಮೇಲೆ ಹೋಗಿದ್ದಾಳೆ ಅಂತ ಕೇಳುತ್ತಾರೆ. ಬಣ್ಣ ಬಂದ ಮಾರನೆಯ ದಿನ ಚಹಾದಂಗಡಿಯಲ್ಲಿ ಮೇಲಿನವರಿಗೆ ಮೊದಲ ಲೋಟ. ಆ ಲೋಟ ಹಿಡಿದು ಅವರೆಲ್ಲರೂ ಹೇಳುವುದು ಒಂದೇ ಮಾತು: “ಏನಂತ ಹೇಳೋದು ಮಾರಾಯ, ಹಸಿರು ಪರದೆ ಅಲ್ಲಾಡಿದ ಹಾಗೆ.”

ನಮ್ಮದು ಸುಣ್ಣದ ಗೂಡಿನ ಬೀದಿ. ಒಳಗಿನವರ ಬೀದಿ ಅಂತಲೇ ಹೆಸರು. ಬೇರೆ ಬೀದಿಗಳಲ್ಲಿ ಸರದಿ ಇದೆ, ಈ ಸಲ ಒಳಗೆ ಕೂತವನು ಮುಂದಿನ ಸಲ ಹತ್ತುತ್ತಾನೆ. ನಮಗೆ ಸರದಿಯಿಲ್ಲ. ಸುಣ್ಣದ ಧೂಳು ಕುಡಿದ ಕಣ್ಣಿಗೆ ಹೇಗೂ ಏನೂ ಸರಿಯಾಗಿ ಕಾಣುವುದಿಲ್ಲ, ಅವಕ್ಕೆ ಬಣ್ಣ ಯಾಕೆ ದಂಡ ಮಾಡಬೇಕು ಅಂತ ಯಾವನೋ ಒಬ್ಬ ಎಂದೋ ಹೇಳಿದ್ದು ಹಾಗೇ ಉಳಿದುಬಿಟ್ಟಿತು. ಬಣ್ಣ ಬರುವುದು ಬಡಗಣ ದಿಕ್ಕಿಗೆ. ನಮ್ಮ ಬೀದಿಯ ಒಂದು ಮನೆಗೂ ಬಡಗಣ ಕಿಟಕಿಯಿಲ್ಲ, ಪುರಸಭೆ ಇಡಲು ಬಿಡಲಿಲ್ಲ. ಬಾಗಿಲು ಮಾತ್ರ ಪುಕ್ಕಟೆ ಕೊಟ್ಟಿದೆ, ದಪ್ಪ ಹಲಗೆಯದು. ಬಣ್ಣದ ಸಂಜೆ ಪಟ್ಟಿ ಗುಮಾಸ್ತ ರಾಚಪ್ಪ ಮನೆಮನೆಗೆ ಒಂದೊಂದು ಪೊಟ್ಟಣ ಹುರಿಗಡಲೆ ಬೆಲ್ಲ ಹಂಚಿ, ಚಿಲಕ ಬಿದ್ದ ಸದ್ದು ಕೇಳಿಸಿಕೊಂಡು ಹೋಗುತ್ತಾರೆ. ನನ್ನ ಅವ್ವ ಹೊನ್ನೂರಮ್ಮ ಬಾಯಿ ಬಿಟ್ಟು ಏನನ್ನೂ ಬೇಡಿದವಳಲ್ಲ. ಆದರೆ ಪೊಟ್ಟಣ ಇಸಿದುಕೊಳ್ಳುವಾಗ ಪ್ರತಿ ಸಲವೂ ಕೇಳುತ್ತಿದ್ದಳು: “ಈ ಸಲನೂ ನಮ್ದಿಲ್ವಾ ರಾಚಪ್ನೋರೆ?” ಅವರು ಪ್ರತಿ ಸಲವೂ “ನೋಡೋಣ ಕಣಮ್ಮ ಮುಂದಿನ ಸಲ” ಅನ್ನುತ್ತಿದ್ದರು. ಸೂರ್ಯ ಸಿಡಿಯುವ ವರ್ಷಗಳು ಬಂದರೆ ಎರಡೋ ಮೂರೋ ಬರುತ್ತವೆ, ಆಮೇಲೆ ವರ್ಷಗಟ್ಟಲೆ, ಕೆಲವು ಸಲ ಹತ್ತು ವರ್ಷವೇ, ಮಲಗಿಬಿಡುತ್ತಾನೆ. ಅವ್ವನಿಗೆ ಐವತ್ತಮೂರು. ಅವಳು ಹೀಗೆ ಕೇಳುವುದನ್ನು ನಾನು ಮೊದಲ ಸಲ ಕೇಳಿಸಿಕೊಂಡಾಗ ನನಗೆ ಐದು ವರ್ಷ.

ನಾನು ಓದು ಬಿಟ್ಟದ್ದೂ ಇದರಿಂದಲೇ. ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಪ್ರಬಂಧ ಬಿತ್ತು: ಬಣ್ಣ ಬಂದ ಸಂಜೆ, ಹದಿನೈದು ಸಾಲಿಗೆ ಕಡಿಮೆಯಿಲ್ಲದಂತೆ. ನಾನು ಮೂರು ಸಾಲು ಬರೆದೆ. ನಾವು ಒಳಗಿದ್ದೆವು. ಬಾಗಿಲು ಹಾಕಿತ್ತು. ಕಡಲೆ ತಿಂದೆವು. ದೇವೀರಪ್ಪ ಮೇಷ್ಟ್ರು ಸೊನ್ನೆ ಕೊಟ್ಟು, ಅದನ್ನು ಕ್ಲಾಸಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಹುಡುಗರು ಬೆಂಚು ಗುದ್ದಿ ಗುದ್ದಿ ನಕ್ಕರು. ಆ ಹಾಳೆಯನ್ನು ಅವರ ಮೇಜಿನ ಮೇಲೆಯೇ ನಾಲ್ಕು ಚೂರು ಮಾಡಿ ಬಂದವನು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಈಗ ನನಗೆ ಇಪ್ಪತ್ತಮೂರು. ಮೈಯಲ್ಲಿ ಅವತ್ತಿನ ಉರಿ ಇನ್ನೂ ಆರಿಲ್ಲ. ಗೂಡಿನ ಬೆಂಕಿ ನಂದಿಸಬಹುದು, ಸಣ್ಣೀರನ ಮೂಗಿನ ತುದಿಯ ಕೋಪ ನಂದಿಸಲಾಗುವುದಿಲ್ಲ ಅಂತ ಪಕ್ಕದ ಮನೆಯ ಮೌಲಾಬಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ.

ಎಂಬತ್ತು ಬಿದ್ದ ಸಂಜೆಯೇ ಪುರಸಭೆಯ ಗೋಡೆಗೆ ಪಟ್ಟಿ ಅಂಟಿಸಿದರು. ಊರಲ್ಲಿ ಎರಡು ಸಾವಿರ ತಲೆ. ಸಾವಿರದ ಆರುನೂರು ಜನ ಮೇಲೆ, ನಾನೂರು ಜನ ಒಳಗೆ. ಎಂಬತ್ತು ಅಂದರೆ ಎಂಬತ್ತು, ಈ ಸಲವಾದರೂ ನಮ್ಮವು ನಾಲ್ಕು ಹೆಸರು ಸಿಕ್ಕಾವು ಅಂದುಕೊಂಡು ನಾನು ಬೆರಳಿಟ್ಟು ಓದಿದೆ. ಒಳಗಿನ ನಾನೂರರಲ್ಲಿ ಮುನ್ನೂರ ತೊಂಬತ್ತು ನಮ್ಮ ಬೀದಿ, ಹಾಲು ಕುಡಿಯುವ ಕೂಸಿನಿಂದ ಹಿಡಿದು. ಉಳಿದ ಹತ್ತು ಠಾಣೆಯ ಲಾಕಪ್ಪಿನಲ್ಲಿ ಇದ್ದವರು. ಇನ್ಯಾರನ್ನು ಎಲ್ಲಿಂದ ತಂದು ತುಂಬಿಸುತ್ತಿದ್ದರೋ ಏನೋ, ಲಾಕಪ್ಪು ಸಹಾಯಕ್ಕೆ ಬಂದಿತ್ತು.

ಮಾರನೆಯ ಬೆಳಿಗ್ಗೆ ರಾಚಪ್ಪ ಕಚೇರಿಯ ಬೀಗ ತೆಗೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಕೂತಿದ್ದೆ. “ನಮ್ಮ ಬೀದಿ ಏನು ಲಾಕಪ್ಪಾ ಸಾರ್?” ಅಂದೆ. ಅವರು ಬೀಗದ ಕೈ ತೂತಿಗೆ ಹಾಕಲು ತಡಕಾಡಿದರು. ಕೆಟ್ಟ ಮನುಷ್ಯರಲ್ಲ ರಾಚಪ್ಪ, ಅದೇ ನನಗೆ ಇನ್ನಷ್ಟು ಸಿಟ್ಟು. ಕೆಟ್ಟವರಾಗಿದ್ದರೆ ಎರಡು ಬಿಟ್ಟು ಬಂದು ಹಗುರಾಗುತ್ತಿದ್ದೆ. “ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ ಸಣ್ಣೀರ. ನೂರಕ್ಕೆ ಎಂಬತ್ತು. ಎಂಬತ್ತೊಂದನೆಯವನು ಹತ್ತಿದ್ರೆ ಇನ್ನೊಬ್ಬನ ಕಣ್ಣಿಂದ ಕಿತ್ಕೊಂಡ ಹಾಗೆ. ಯಾರ ಕಣ್ಣಿಂದ ಕಿತ್ಕೋತೀಯ, ಹೇಳು?” “ನಿಮ್ಮ ಕಣ್ಣಿಂದಲೇ ಕಿತ್ಕತೀನಿ. ಇಪ್ಪತ್ತಾರು ವರ್ಷದಿಂದ ಹತ್ತುತಾ ಇದೀರಲ್ಲ, ಹೊಟ್ಟೆ ತುಂಬಿಲ್ವಾ?” ಅವರ ಮುಖ ಯಾಕೋ ಸಪ್ಪಗಾಯಿತು. ಒಳಗೆ ಹೋಗಿ, ಒಂದು ಚೀಟಿ ಹರಿದು ಬರೆದು ನನ್ನ ಕೈಗಿಟ್ಟರು. “ಇದೊಂದು ಹೆಸರು ಸೇರಿಸಿದೀನಿ. ಹೊನ್ನೂರಮ್ಮನ್ನ ಕಳಿಸು. ಯಾರಿಗೂ ಹೇಳ್ಬೇಡ. ನಿನ್ನ ಬೀದಿಯವರು ಪಟ್ಟಿ ಮೀರಿ ಹತ್ತಿದ್ರೆ ಈ ಊರಲ್ಲಿ ಇನ್ನು ಯಾರೂ ನಿಮ್ಮ ಸುಣ್ಣ ಮುಟ್ಟಲ್ಲ, ಹಬ್ಬಕ್ಕೆ ಮನೆ ಬಳಿಯೋ ಕಾಲ ಬೇರೆ. ತಲೆ ಇಟ್ಕೊಂಡು ಯೋಚನೆ ಮಾಡು.”

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆ ಚೀಟಿಯನ್ನು ಎದೆಗವಚಿಕೊಂಡು ಓಡಿದೆ. ಬೀದಿಯ ಉಳಿದ ಮುನ್ನೂರ ಎಂಬತ್ತೊಂಬತ್ತು ಜನ ಆ ಹೊತ್ತಿನಲ್ಲಿ ನನಗೆ ನೆನಪಿಗೂ ಬರಲಿಲ್ಲ. ಅವ್ವ ಮತ್ತು ಮೌಲಾಬಿ ತೊಟ್ಟಿಯ ದಂಡೆಯ ಮೇಲೆ ನಿಂತು ಸುಟ್ಟ ಕಲ್ಲಿಗೆ ನೀರು ಬಿಟ್ಟು ಅರಳಿಸುತ್ತಿದ್ದರು. ಇಬ್ಬರ ಹುಬ್ಬೂ ಬಿಳಿ. ಅವ್ವ ಚೀಟಿ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಓದು ಬಾರದು. “ಏನ್ಲಾ ಇದು?” “ನಿನ್ನ ಹೆಸರು ಕಣವ್ವ. ಇವತ್ತು ನೀನು ಮೇಲೆ ಹೋಗಬೌದು.” ಅವಳ ಮುಖ ಒಂದು ಸಲ ಬಿಚ್ಚಿಕೊಂಡಿತು, ನಿಜಕ್ಕೂ ಬಿಚ್ಚಿಕೊಂಡಿತು, ನಾನು ನೋಡಿದೆ. ಆಮೇಲೆ ಕೇಳಿದಳು: “ಮೌಲಾಬೀದು ಎಲ್ಲೈತೆ?” “ಇಲ್ಲ. ಒಂದೇ ಕೊಟ್ಟಿರೋದು.” “ನಿಂದು?” “ಒಂದೇ ಅಂತ ಹೇಳಿದ್ನಲ್ಲ!” ಅವ್ವ ಚೀಟಿಯನ್ನು ಮೌಲಾಬಿಯ ಕೈಗೆ ಕೊಟ್ಟಳು. “ಹೋಗು ಮೌಲಾಬಿ, ನಿಂಗೆ ನನಗಿಂತ ವಯಸ್ಸಾಯ್ತು.” ಮೌಲಾಬಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, “ನಂಗ್ಯಾಕೆ ತಾಯಿ? ಒಬ್ಳೇ ಹತ್ತಿ, ಒಬ್ಳೇ ನೋಡಿ, ಒಬ್ಳೇ ಇಳಿದು ಬಂದು ನಿಮ್ಮ ಮುಂದೆ ಪರದೆ ಪರದೆ ಅಂತ ಕುಣೀಲಾ?” ಅಂದು ಚೀಟಿಯನ್ನು ಸುರುಳಿ ಸುತ್ತಿ, ಅದರಿಂದ ಕಿವಿ ಕೆರೆದುಕೊಂಡಳು. ಅವ್ವ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. “ಇನ್ನು ಹತ್ತು ವರ್ಷ ಬರಲ್ಲ ಕಣವ್ವ! ಹತ್ತು ವರ್ಷ!” ಎಂದು ಕಿರುಚಿದೆ. “ನಂಗೂ ಗೊತ್ತೈತೆ,” ಅಂದಳು ಅವ್ವ. ಅಷ್ಟೇ ಅಂದು ಮತ್ತೆ ಕೊಡ ಎತ್ತಿ ನೀರು ಬಿಟ್ಟಳು. ಕಲ್ಲು ಬುಸುಗುಟ್ಟಿತು.

ಆ ಉರಿಯಲ್ಲೇ ನಾನು ದೇವೀರಪ್ಪ ಮೇಷ್ಟ್ರ ಮನೆಗೆ ಹೋದೆ, ಹತ್ತು ವರ್ಷದಲ್ಲಿ ಮೊದಲ ಸಲ. ನಿವೃತ್ತಿಯಾದ ಮೇಲೆ ಊರು ಅವರಿಗೆ ಸೂರ್ಯನನ್ನು ನೋಡುವ ಕೆಲಸ ಕೊಟ್ಟಿತ್ತು. ಮಹಡಿಯ ಮೇಲೆ ಉದ್ದನೆಯ ತಗಡಿನ ಕೊಳವೆ, ಅದರ ಕೆಳಗೆ ಬಿಳಿ ಕಾಗದ. ಕಾಗದದ ಮೇಲೆ ಸೂರ್ಯ ಜೋಳದ ರೊಟ್ಟಿಯಷ್ಟು ಅಗಲ ಬಿದ್ದಿದ್ದ. ರೊಟ್ಟಿಯ ಮೇಲಿನ ಸುಟ್ಟ ಕಲೆಗಳ ಹಾಗೆ ಅವನ ಮೈಮೇಲೆ ಕಪ್ಪು ಚುಕ್ಕೆಗಳು, ಒಂದಂತೂ ಹೆಬ್ಬೆರಳಿನಷ್ಟು ದಪ್ಪ. ಮೇಷ್ಟ್ರು ಬಗ್ಗಿ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. “ನೆರಳು ಬೀಳದ ಹಾಗೆ ನಿಂತ್ಕೊಳಪ್ಪ,” ಅಂದರು, ನಾನು ದಿನಾ ಬರುವವನೇನೋ ಎಂಬಂತೆ. “ಎಂಬತ್ತನ್ನ ನೂರು ಮಾಡಿ,” ಅಂದೆ. “ಮಾಡೋಕೆ ನಾನ್ಯಾರು?” “ಸೀಮೆಸುಣ್ಣ ನಿಮ್ಮ ಕೈಲೇ ತಾನೇ ಇರೋದು?” “ಕಂಡದ್ದನ್ನ ಬರೀತೀನಿ ಸಣ್ಣೀರ. ಇಲ್ಲದ್ದನ್ನ ಬರೆಯೋಕಾಗಲ್ಲ.” “ಏಳನೇ ಕ್ಲಾಸಲ್ಲಿ ನಾನು ಮಾಡಿದ್ದೂ ಅದನ್ನೇ ಅಲ್ವಾ ಸಾರ್?”

ಪೆನ್ಸಿಲು ನಿಂತಿತು. ಸೂರ್ಯ ಮಾತ್ರ ನಿಲ್ಲಲಿಲ್ಲ, ಕಾಗದದ ಮೇಲೆ ಮೆಲ್ಲಗೆ ಜರುಗಿ ಅವರು ಎಳೆದ ಗೆರೆಯಿಂದ ಹೊರಗೆ ಹೋದ. ಮೇಷ್ಟ್ರು ಕೊಳವೆಯನ್ನು ಸರಿಪಡಿಸಲಿಲ್ಲ. ಕಾಗದದ ಕಡೆಗೇ ನೋಡುತ್ತ ಹೇಳಿದರು: “ನಾನು ಎಂಬತ್ತು ಅಂತ ಬರೆಯೋದು ಆಕಾಶದ ಕೆಳಗೆ ನಿಂತು ನೋಡೋರ ಮಾತು. ನೋಡೋರು ನೂರು ಜನ ಇದ್ರೆ ಎಂಬತ್ತು ಜನಕ್ಕೆ ಕಾಣುತ್ತೆ. ಬಾಗಿಲು ಹಾಕ್ಕೊಂಡು ಕೂತೋರು ಆ ನೂರರಲ್ಲಿ ಇಲ್ಲವೇ ಇಲ್ಲ. ಅವರನ್ನ ಆಕಾಶ ಎಣಿಸೋದೇ ಇಲ್ಲ.” ನನಗೆ ಮೊದಲು ತಲೆಗೆ ಹೋಗಲಿಲ್ಲ. ನಿಧಾನಕ್ಕೆ ಹೋಯಿತು. “ಅಂದ್ರೆ ನಾವು ಒಳಗೆ ಕೂತಿದ್ದು?” “ಸುಮ್ಮನೆ,” ಅಂದರು ಮೇಷ್ಟ್ರು.

ಸುಮ್ಮನೆ. ನನ್ನಜ್ಜಿ ಸುಮ್ಮನೆ, ನನ್ನಪ್ಪ ಸುಮ್ಮನೆ. “ಹಂಗಾದ್ರೆ ಮೇಲೆ ಹತ್ತಿದೋರು?” ಎಂದು ಕೇಳಿದೆ. “ಮೂವತ್ತು ಬರೆದ ಸಂಜೆ ಆರುನೂರು ಜನ ಹತ್ತುತಾರೆ. ನೂರ ಎಂಬತ್ತು ಜನಕ್ಕೆ ಕಾಣುತ್ತೆ. ನಾನೂರ ಇಪ್ಪತ್ತು ಜನ ಸುಮ್ಮನೆ ಕತ್ತೆತ್ತಿಕೊಂಡು ನಿಂತಿರ್ತಾರೆ.” “ಸುಳ್ಳು! ಎಲ್ಲಾ ನನ್ಮಕ್ಳೂ ಪರದೆ ಅಲ್ಲಾಡ್ತು ಅಂತಾರೆ!” “ನಿನಗೋಸ್ಕರ ಊರಲ್ಲಿ ಅಷ್ಟು ಜನ ಒಳಗೆ ಕೂತಿದ್ದಾರೆ ಅಂತ ಗೊತ್ತಿದ್ದೂ, ನನಗೆ ಏನೂ ಕಾಣಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ತೀಯ? ಪಕ್ಕದವನು ಪರದೆ ಅಂದ, ನೀನೂ ಪರದೆ ಅಂತೀಯ. ನಾನು ಹತ್ತೊಂಬತ್ತು ಸಲ ಹತ್ತಿದೀನಿ. ಕಂಡಿದ್ದು ಒಂದು ಸಲ, ಅದೂ ಹುಡುಗ ಆಗಿದ್ದಾಗ. ನಿನ್ನ ಪ್ರಬಂಧ ಓದಿದ ವರ್ಷ ಕಂಡಿರಲಿಲ್ಲ. ಆ ಮೂರು ಸಾಲು ಓದಿ ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ…”

ನಾನು ಆ ಕೊಳವೆಯನ್ನು ಕಾಲುಗಳ ಸಮೇತ ಎತ್ತಿದೆ, ಬೀದಿಗೆ ಎಸೆಯುವುದಕ್ಕೆ. ಮೇಷ್ಟ್ರು ತಡೆಯಲಿಲ್ಲ. “ಎಸೆಯೋದಾದ್ರೆ ಎಸಿ. ಆದ್ರೆ ಸಂಜೆಗೆ ಇನ್ನು ಐದು ಗಂಟೆ ಇದೆ, ಅದನ್ನ ದಂಡ ಮಾಡ್ಕೋಬೇಡ. ಸಿಡಿದ ಆ ದೊಡ್ಡ ಚುಕ್ಕೆ ಅಂಚಿಗೆ ಬಂದಿದೆ, ನಾಳೆ ನಾಡಿದ್ದು ಆ ಕಡೆ ತಿರುಗುತ್ತೆ. ಆಮೇಲೆ ಅವನು ಮಲಗಿದ್ರೆ ನಾನಂತೂ ಇನ್ನೊಂದು ನೋಡಲ್ಲ,” ಅಂದರು. ಕೊಳವೆ ಕೆಳಗಿಟ್ಟೆ. “ನೀವು ನನಗೆ ಹೇಳಿದ್ದನ್ನ ಎಲ್ಲರ ಮುಂದೆ ಹೇಳ್ಬೇಕು.” “ಹೇಳಿದ್ರೆ ಅರ್ಧ ಊರಿನ ಮರ್ಯಾದೆ ಹೋಗುತ್ತೆ.” “ನಮ್ಮ ಬೀದೀದು ಹೋಗಿ ಎಷ್ಟು ವರ್ಷ ಆಯ್ತು ಸಾರ್?” ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದೆ.

ನಮ್ಮ ಬೀದಿಯ ನಡುವೆ ನಿಂತು ಕೂಗಿ ಹೇಳಿದೆ. ನನ್ನ ಮಾತಿನ ಮುಕ್ಕಾಲು ಪಾಲು ಬೈಗುಳವೇ ಇದ್ದುದರಿಂದ ಜನಕ್ಕೆ ವಿಷಯ ತಿಳಿಯಲು ತಡವಾಯಿತು. ತಿಳಿದ ಮೇಲೆ ಯಾರೂ ಕುಣಿಯಲಿಲ್ಲ. “ಊರೋರು ನಮ್ಮ ಸುಣ್ಣ ಮುಟ್ಟಲ್ಲ ಅಂದ್ರೆ ಏನ್ ಮಾಡಾಣ?” ಎಂದು ಒಬ್ಬರು ಕೇಳಿದರು. “ಮೇಷ್ಟ್ರು ಸುಳ್ಳು ಹೇಳಿದ್ರೆ?” ಎಂದು ಇನ್ನೊಬ್ಬರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಆದರೂ ನನಗೆ ಅವರನ್ನೆಲ್ಲ ಕತ್ತು ಹಿಡಿದು ಗುಡ್ಡಕ್ಕೆ ದಬ್ಬಬೇಕೆನಿಸಿತು. “ಹೆದರ್ಕಂಡು ಸಾಯ್ರಿ ಒಳಗೇ!” ಅಂದೆ. “ಏಯ್,” ಅಂದಳು ಅವ್ವ. ಅವಳು ತೊಟ್ಟಿಯ ಹತ್ತಿರ ಕೈಕಾಲು ತೊಳೆದುಕೊಳ್ಳುತ್ತಿದ್ದಳು. “ಬೈದ್ರೆ ಯಾರ್ಲಾ ಬತ್ತಾರೆ? ಅವರು ಸುಣ್ಣ ಮುಟ್ಟದಿದ್ರೆ ಮನೆ ಗೋಡೆಗೆ ಏನು ಬಳೀತಾರಂತೆ, ಮೊಸರಾ? ಬರಾರು ಬರ್ಲಿ, ಇರಾರು ಇರ್ಲಿ. ನಾನಂತೂ ಹೊರಟೆ.” ಒಳಗೆ ಹೋಗಿ ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಬಂದಳು. ಮೌಲಾಬಿ ಕೂಗಿದಳು: “ತಡಿ ತಾಯಿ, ನಾನು ಹುಬ್ಬು ತೊಳಕಳಾದು ಬೇಡ್ವಾ? ಬಿಳಿ ಹುಬ್ಬಲ್ಲಿ ಹೋದ್ರೆ ಆಕಾಶ ನನ್ನ ಮುದುಕಿ ಅನ್ಕತೈತೆ.” ಬೀದಿ ನಕ್ಕಿತು. ನಾನು ಗಂಟಲು ಹರಿಯುವಷ್ಟು ಕೂಗಿ ಮಾಡಲಾಗದ್ದನ್ನು ಆ ನಗು ಮಾಡಿತು. ಒಂದೊಂದೇ ಬಾಗಿಲಿಂದ ತೊಳೆದ ಮುಖಗಳು ಹೊರಗೆ ಬಂದವು. ನಾವು ಹೊರಟಾಗ ಮುನ್ನೂರ ತೊಂಬತ್ತು ಇರಲಿಲ್ಲ, ಇನ್ನೂರರ ಮೇಲೆ ಇದ್ದೆವು. ಪುಕ್ಕಟೆ ಬಾಗಿಲುಗಳನ್ನು ಹಾರು ಹೊಡೆದಂತೆ ಬಿಟ್ಟೇ ಬಂದೆವು.

ಬೋಳುಗುಡ್ಡದ ಬುಡದಲ್ಲಿ ರಾಚಪ್ಪ ಪಟ್ಟಿಯ ಪುಸ್ತಕ ಹಿಡಿದು ನಿಂತಿದ್ದರು. ಅವರ ಹಿಂದೆ ಊರೆಲ್ಲ ಹತ್ತುತ್ತಿತ್ತು, ಚಾಪೆ, ಕಂಬಳಿ, ಚಕ್ಕುಲಿಯ ಡಬ್ಬಿ ಹೊತ್ತುಕೊಂಡು. ನಮ್ಮನ್ನು ಕಂಡು ಹತ್ತುವವರು ನಿಂತರು. ಯಾರೋ “ಒಳಗಿನೋರು ಬಂದ್ರು!” ಎಂದು ಕೂಗಿದರು, ನೆರೆ ನುಗ್ಗಿತು ಎಂದು ಕೂಗುವ ಹಾಗೆ. ಒಬ್ಬ ಹೆಂಗಸು ತನ್ನ ಮಗುವಿನ ಕಣ್ಣಿಗೆ ಸೆರಗು ಮುಚ್ಚಿದಳು, ನಾವು ಅದನ್ನು ಕಿತ್ತುಕೊಂಡುಬಿಡುತ್ತೇವೇನೋ ಎಂಬಂತೆ. “ಸಣ್ಣೀರ, ಬೇಡ. ಚೀಟಿ ಕೊಟ್ಟೆನಲ್ಲೋ,” ಅಂದರು ರಾಚಪ್ಪ. ನಾನು ಅಂಗಿಯ ತೋಳು ಮಡಚಿದೆ. ಆಗ ಗುಡ್ಡದ ಮೇಲಿನಿಂದ ದೇವೀರಪ್ಪ ಮೇಷ್ಟ್ರು ಕೋಲೂರಿಕೊಂಡು ಇಳಿದು ಬಂದರು. ಜನ ದಾರಿ ಬಿಟ್ಟರು. ರಾಚಪ್ಪನ ಪಕ್ಕದ ಬಂಡೆಯ ಮೇಲೆ ನಿಂತು, ಕ್ಲಾಸಿನಲ್ಲಿ ಪಾಠ ಹೇಳುವ ಅದೇ ದನಿಯಲ್ಲಿ ಅಂದರು: “ನನಗೆ ಹದಿನೆಂಟು ಸಲ ಕಾಣಲಿಲ್ಲ. ಹದಿನೆಂಟು ಸಲವೂ ಕಂಡಿತು ಅಂತ ಹೇಳಿದೆ. ಒಳಗಿನವರು ಒಳಗೆ ಕೂತಿದ್ದರಿಂದ ನನಗೇನೂ ಉಪಯೋಗ ಆಗಿಲ್ಲ. ನಿಮಗೂ ಆಗಿಲ್ಲ ಅಂತ ನಿಮಗೆ ಗೊತ್ತು.”

ಸಾವಿರ ಜನ ಪಾದ ನೋಡಿಕೊಂಡು ನಿಂತಿದ್ದರು. ನಾನು ಮನಸ್ಸಿನಲ್ಲೇ, ಬಾಯಿ ಬಿಡ್ರೋ, ಒಬ್ಬನಾದರೂ ಬಾಯಿ ಬಿಡ್ರೋ ಅಂತ ಹಲ್ಲು ಕಚ್ಚಿದೆ. ಬಟ್ಟೆ ಅಂಗಡಿಯ ಚಂದ್ರಣ್ಣ ಗಂಟಲು ಸರಿಮಾಡಿಕೊಂಡ. “ನಂಗೂ… ಒಂದು ಸಲನೂ ಇಲ್ಲ ಕಣ್ರಪ್ಪ.” ಅವನ ಪಕ್ಕದಲ್ಲಿದ್ದ ಹೆಂಡತಿ ಚಕ್ಕುಲಿ ಡಬ್ಬಿ ನೆಲಕ್ಕೆ ಕುಕ್ಕಿದಳು. “ಏನಂದ್ರಿ? ಹನ್ನೆರಡು ವರ್ಷದಿಂದ ಪರದೆ ಹೀಗಿತ್ತು, ಪರದೆ ಹಾಗಿತ್ತು ಅಂತ ನನ್ನ ತಲೆ ತಿಂದ್ರಲ್ಲ! ಅಂಗಡಿಗೆ ಅದೇ ಬಣ್ಣದ ಬಟ್ಟೆ ಥಾನು ತರಿಸಿದ್ರಲ್ಲ!” “ಪಕ್ಕದ ಮನೆಯೋನು ಹೇಳಿದ ಬಣ್ಣ ಕಣೇ ಅದು!” ಯಾರೋ ಕಿಸಕ್ಕೆಂದರು. ಆಮೇಲೆ ಇಳಿಜಾರಿನ ಉದ್ದಕ್ಕೂ, ಮೇಲಿಂದ ಕೆಳಗೆ, “ನಂಗೂ ಇಲ್ಲ”, “ನಂಗೆ ಒಂದೇ ಸಲ”, “ನಮ್ಮಪ್ಪಂಗೂ ಇಲ್ಲ ಅಂತ ಕಾಣುತ್ತೆ”. ಕೆಲವರು ಅಳುತ್ತಿದ್ದರು, ಹೆಚ್ಚಿನವರು ನಗುತ್ತಿದ್ದರು. ನಿಜವಾಗಿಯೂ ಕಂಡಿದ್ದವರು ಮಾತ್ರ ಸುತ್ತ ನೋಡುತ್ತ ಬೆಪ್ಪಾಗಿ ನಿಂತಿದ್ದರು. ಅವರ ಮಾತನ್ನು ಇಷ್ಟು ವರ್ಷ ಬೇರೆಯವರು ಹೇಳಿಕೊಂಡು ಓಡಾಡಿದ್ದು ಅವರಿಗೆ ಅವತ್ತೇ ತಿಳಿದದ್ದು. ಸಂದಣಿಯ ನಡುವೆ ಅವ್ವ ರಾಚಪ್ಪನ ಮುಂದೆ ಹೋಗಿ ನಿಂತಳು. “ದಾರಿ ಬಿಡ್ತೀರಾ ರಾಚಪ್ನೋರೆ?” ಅವರು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿದರು.

ನಾವು ತುದಿ ಮುಟ್ಟಿದಾಗ ಸೂರ್ಯ ಮುಳುಗಿ, ದೀಪ ಹಚ್ಚುವ ಹೊತ್ತಾಗಿತ್ತು. ಆದರೆ ಕೆಳಗೆ ಪೇಟೆಯಲ್ಲಿ ದೀಪ ಹಚ್ಚಲು ಯಾರೂ ಉಳಿದಿರಲಿಲ್ಲ. ನಾನು ಬಡಗಣಕ್ಕೆ ಮುಖ ಮಾಡಿ, ಕಾಲಗಲಿಸಿ, ಹೊಡೆದಾಟಕ್ಕೆ ನಿಂತವನ ಹಾಗೆ ನಿಂತೆ. ನನಗೆ ಕಾಣಬೇಕು. ಹತ್ತು ವರ್ಷದ ಬಾಕಿ ನನ್ನದು, ಎಂಬತ್ತರಲ್ಲಿ ನಾನಿಲ್ಲದೆ ಇನ್ಯಾರಿರಬೇಕು? ಇದ್ದಕ್ಕಿದ್ದಂತೆ ಗುಡ್ಡದ ತುಂಬ ಒಂದು ಉಸಿರು ಎದ್ದಿತು. ಸಾವಿರಕ್ಕೂ ಹೆಚ್ಚು ಗಂಟಲುಗಳಿಂದ, ಒಟ್ಟಿಗೆ. ಮೌಲಾಬಿ “ಯಾ ಅಲ್ಲಾ” ಎಂದು ನೆಲಕ್ಕೆ ಕೂತಳು. ಅವ್ವ ನನ್ನ ಅಂಗಿಯನ್ನು ಹಿಡಿದು ಜಗ್ಗಿದಳು. “ಸಣ್ಣೀರ, ಅಗೋ! ಅಗೋ ನೋಡ್ಲಾ!” ನಾನು ನೋಡಿದೆ. ಒಂದು ನಕ್ಷತ್ರ, ಅದರ ಕೆಳಗೆ ಸ್ವಲ್ಪ ಧೂಳು, ಅಷ್ಟೇ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅದೇ ನಕ್ಷತ್ರ. “ಕಾಣ್ತಿಲ್ವಾ?” ಅಂದಳು ಅವ್ವ. ಕಾಣ್ತಿದೆ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದು ಅಷ್ಟು ಸಲೀಸಾಗಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. “ಇಲ್ಲ ಕಣವ್ವ,” ಅಂದೆ.

“ನನಗೂ ಇಲ್ಲ,” ಎಂದಿತು ನಮ್ಮ ಹಿಂದಿನಿಂದ ಒಂದು ದನಿ. ರಾಚಪ್ಪ. ಕಂಕುಳಲ್ಲಿ ಪುಸ್ತಕ ಇನ್ನೂ ಇ‌ತ್ತು. “ಇಪ್ಪತ್ತಾರು ವರ್ಷದಿಂದ ಇಲ್ಲ ಹೊನ್ನೂರಮ್ಮ. ಒಂದು ಸಲನೂ ಇಲ್ಲ. ಎಲ್ಲರ ಹೆಸರೂ ನಾನೇ ಬರೀತಿದ್ದೆ.” ನಾನು ಅವರ ಕಡೆ ತಿರುಗಿದೆ. ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. “ಬಾಯ್ಮುಚ್ಲಾ,” ಅಂದಳು ಅವ್ವ, ನಾನಿನ್ನೂ ಬಾಯಿ ತೆರೆಯುವ ಮೊದಲೇ. ಆಕಾಶದಿಂದ ಕಣ್ಣು ಕೀಳದೆಯೇ ಅವಳು ಎಡಗೈಯಿಂದ ನನ್ನನ್ನೂ ಬಲಗೈಯಿಂದ ರಾಚಪ್ಪನನ್ನೂ ಹತ್ತಿರ ಎಳೆದುಕೊಂಡಳು. ಅವಳ ಬೆನ್ನ ಹಿಂದೆ ರಾಚಪ್ಪನ ತೋಳು ನನ್ನ ತೋಳಿಗೆ ತಾಗಿತು, ನಾನು ಸರಿಯಲು ಜಾಗವಿರಲಿಲ್ಲ.

“ಪರದೆ ಗಿರದೆ ಏನಿಲ್ಲ,” ಅಂದಳು. “ಸುಟ್ಟ ಕಲ್ಲಿಗೆ ನೀರು ಬಿಟ್ಟಾಗ ಕೆಳಗಿಂದ ಹೊಗೆ ಏಳತೈತಲ್ಲ, ಮೊದಲು ಸುಮ್ಕಿದ್ದು ಆಮೇಲೆ ಬುಸ್ ಅಂತ, ಹಂಗೆ ಏಳ್ತಾ ಐತೆ. ಆದ್ರೆ ಸದ್ದಿಲ್ಲ. ಬಿಸಿ ಇಲ್ಲ. ಬುಡದಾಗೆ ಹಸಿರು, ಎಳೇ ಅವರೆಕಾಯಿ ಸಿಪ್ಪೆ ಹಸಿರು. ಮೇಲೆ ಹೋಗ್ತಾ ಹೋಗ್ತಾ ಕೆಂಪಾಗ್ತಾ ಐತೆ.” “ಎಷ್ಟು ಕೆಂಪು?” ಎಂದು ಕೇಳಿದರು ರಾಚಪ್ಪ. “ಎಲೆ ಅಡಿಕೆ ಹಾಕ್ಕಂಡ ಬಾಯಷ್ಟು. ಅಯ್ಯೋ, ಈಗ ಅರ್ಧಕ್ಕೆ ಹರೀತು! ಇಲ್ಲ, ಮತ್ತೆ ಕೂಡ್ಕಂತು.” “ಯಾವ ಕಡೆಯಿಂದ ಹರೀತವ್ವ?” “ನಿನ್ನ ಎಡಗಡೆ, ಆ ಬಂಡೆ ಐತಲ್ಲ, ಅದರ ನೆತ್ತಿ ಮೇಲೆ.” ನಾನು ಆ ಬಂಡೆಯ ನೆತ್ತಿಯನ್ನು ನೋಡಿದೆ, ರಾಚಪ್ಪನೂ ನೋಡಿದರು. ಅಲ್ಲಿ ಕತ್ತಲೆಯಿತ್ತು. ಆದರೂ ಯಾವ ಬಣ್ಣ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೊಟ್ಟೆಯಲ್ಲಿ ಉರಿ ಇರಲಿಲ್ಲ, ಬರೀ ಆತುರವಿತ್ತು. ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಕೇಳತೊಡಗಿದೆವು. ಈಗ ಎಲ್ಲಿದೆ? ಕೆಂಪು ಇನ್ನೂ ಇದೆಯಾ? ಅಲ್ಲಾಡುತ್ತಾ, ಹರಿಯುತ್ತಾ? ತುದಿಯಲ್ಲಿ ಏನಿದೆ?

ಅವ್ವ ನಮ್ಮಿಬ್ಬರ ತೋಳನ್ನೂ ಬಿಟ್ಟಳು. “ಸಾಕು, ಸುಮ್ಕಿರ್ರಿ ಇಬ್ರೂವೆ. ಆಮೇಲೆ ಎಲ್ಲಾ ಹೇಳ್ತೀನಿ. ಈಗ ಒಂದು ಗಳಿಗೆ ನನ್ನ ಪಾಡಿಗೆ ನಾನು ನೋಡ್ಕತೀನಿ.”

ರಾಚಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಿಂತೆವು.